ಪುಟ ನಲವತ್ತೇಳು

ಹತ್ತೊಂಬತ್ತು ವರ್ಷದಿಂದ ನಡಾವಳಿ ಬರೆಯುವವನು ನಾನು,
ಬಳ್ಳಾರಿ ಪಾಲಿಕೆಯ ಎರಡನೇ ಮಹಡಿ, ಕಿಟಕಿ ಕಡೆಯ ಕುರ್ಚಿ.
ಗುಡ್ಡದ ಕಲ್ಲು ಬಿಸಿ ಕಾರುವ ಮಧ್ಯಾಹ್ನಗಳಲ್ಲಿ
ಒಂದು ವ್ಯಾಕರಣ ಕಲಿತಿದ್ದೇನೆ:
ಪರಿಶೀಲಿಸಲಾಯಿತು. ಚರ್ಚಿಸಲಾಯಿತು.
ಸೂಕ್ತ ಕ್ರಮ ಕೈಗೊಳ್ಳಲಾಗುವುದು.
ಯಾರೂ ಏನೂ ಮಾಡದೆ ಎಲ್ಲವೂ ಆಗಿಹೋಗುವ
ಈ ಪ್ರಯೋಗಕ್ಕೆ ಶಾಲೆಯಲ್ಲಿ ಕರ್ಮಣಿ ಅನ್ನುತ್ತಿದ್ದರು.
ಕರ್ಮ ಯಾರದೆಂದು ಮೇಷ್ಟ್ರು ಹೇಳಿರಲಿಲ್ಲ.

ವಸತಿ ಸ್ಥಾಯಿ ಸಮಿತಿಗೆ ಬಂದಳು ವನ್ನೂರಮ್ಮ,
ಜೀನ್ಸು ಹೊಲಿಯುವ ಶೆಡ್ಡಿನಿಂದ ನೇರ,
ಉಗುರ ಸಂದಿಯಲ್ಲಿ ನೀಲಿ,
ಕತ್ತರಿಸಿದ ಪ್ಯಾಂಟಿನ ಜೇಬಿನಲ್ಲಿ ಏನೋ ಗಂಟು.
ಮೇಜಿನ ಮೇಲೆ ಸುರಿದಳು: ಸಿಮೆಂಟಿನ ಚೂರು,
ತುಕ್ಕು ತಿಂದ ಗೇಣುದ್ದ ಕಂಬಿ, ಒಡೆದ ಬಲ್ಬ್ ಹೋಲ್ಡರು.
"ನಮ್ಮ ಮನಿ ಇದು. ನೀವಾ ಕೊಟ್ಟಿದ್ದು. ಎರಡು ವರ್ಷ ಆಗಿಲ್ಲ."
ಶಿಫ್ಟು ಬಿಟ್ಟ ಹುಡುಗಿಯರು ರಾತ್ರಿ ಒಂಬತ್ತರ ಮೇಲೆ
ಒಬ್ಬರ ದುಪಟ್ಟಾ ಒಬ್ಬರು ಹಿಡಿದು ಮೆಟ್ಟಿಲು ಹತ್ತುತ್ತಾರಂತೆ.
ಕೆಳಗೆ ಯಾರೋ ಬೀಡಿ ಹಚ್ಚುತ್ತಾನಂತೆ,
ಹೆಸರು ಕೇಳುತ್ತಾನಂತೆ.

ಅಧ್ಯಕ್ಷರು ಗಾದಿಲಿಂಗಪ್ಪನವರು ಕಡತ ತಿರುವಿದರು.
"ತಪಾಸಣೆ ಆಗೇತಮ್ಮ. ಇಪ್ಪತ್ತೆರಡು ದೀಪ. ಇಪ್ಪತ್ತೆರಡೂ ಅದಾವು."
"ಎಷ್ಟೊತ್ತಿಗೆ ಎಣಿಸಿದ್ರಿ?"
"ಮುಂಜಾನೆ ಹನ್ನೊಂದಕ್ಕೆ."
ಯಾರೂ ನಗಲಿಲ್ಲ. ಫ್ಯಾನು ಮಾತ್ರ ತಿರುಗುತ್ತಿತ್ತು.
"ರಾತ್ರಿ ಬರ್ರಿ," ಅಂದಳು, "ಚಾ ಮಾಡ್ತೀನಿ."
ಮನವಿಯನ್ನು ಗಮನಿಸಲಾಯಿತು, ಎಂದು ಬರೆದೆ.

ಏಳು ಸದಸ್ಯರಲ್ಲಿ ಬಂದವರು ಶಮೀಮ್ ಬೀ ಒಬ್ಬರೇ,
ಮಗನ ಬೈಕಿನ ಹಿಂದೆ ಕೂತು.
ಇಂಜಿನಿಯರಿಗೆ ಬೀಗರ ಮನೆಯಲ್ಲಿ ಊಟವಿತ್ತು.
ಬರೆಯಲು ಒಬ್ಬ ಬೇಕಲ್ಲ, ನಾನು ಹೋದೆ.
ಬಿ ಬ್ಲಾಕಿನ ಬಾಗಿಲಲ್ಲಿ ಉದ್ಘಾಟನೆಯ ಕಲ್ಲು;
ಬೆರಳಾಡಿಸಿ ಎಣಿಸಿದೆ, ಹದಿನಾಲ್ಕು ಹೆಸರು.
ಕರ್ತೃಗಳೆಲ್ಲ ಇಲ್ಲಿ ಬಂದು ಸೇರಿಕೊಂಡಿದ್ದರು.

"ಎಣಿಸ್ಕೊಂತ ಹತ್ರಿ," ಮೇಲಿನಿಂದ ವನ್ನೂರಮ್ಮನ ದನಿ,
"ಹದಿಮೂರನೇದು ಇಲ್ಲ."
ಹತ್ತು. ಹನ್ನೊಂದು. ಶಮೀಮ್ ಬೀ ನನ್ನ ಭುಜ ಹಿಡಿದರು.
ಹತ್ತೊಂಬತ್ತು ವರ್ಷದಲ್ಲಿ ಯಾವ ಸದಸ್ಯರೂ
ನನ್ನನ್ನು ಗೋಡೆಗಿಂತ ಹೆಚ್ಚು ನಂಬಿದ್ದಿಲ್ಲ.
ಗೋಡೆಗೆ ಪುಸ್ತಕ ಆನಿಸಿ ಬರೆಯುತ್ತ ಹೋದೆ,
ಬರೆದದ್ದು ಹಾಳೆಯ ಮೇಲೋ ಗೋಡೆಯ ಮೇಲೋ ತಿಳಿಯದೆ.
ಕೆಳಗೆ ಬೀಡಿಯ ಕೆಂಪು ಚುಕ್ಕಿ ಒಮ್ಮೆ ಹೊಳೆದು
ನಮ್ಮ ಗಂಡಸಿನ ಕೆಮ್ಮು ಕೇಳಿ ಆರಿತು.
ಚಹಾಕ್ಕೆ ಶುಂಠಿ ಹಾಕಿದ್ದಳು. ಅದನ್ನೂ ಬರೆದೆ.

ಮುಂದಿನ ಸಭೆಯಲ್ಲಿ ಅಧ್ಯಕ್ಷರು ಕನ್ನಡಕ ಒರೆಸಿದರು.
ಸಾಲಿನ ಮೇಲೆ ಸಾಲು ಹತ್ತಿ ಕೂತಿತ್ತು,
ಒತ್ತಕ್ಷರಗಳೆಲ್ಲ ಎಲ್ಲೋ ಕೆಳಗೆ ಉದುರಿದ್ದವು.
"ಏನ್ರೀ ಇದು, ಒಂದಕ್ಷರ ಓದಾಕ ಬರವಲ್ದು. ಚೊಕ್ಕ ಮಾಡಿ ತರ್ರಿ."
"ಚೊಕ್ಕ ಮಾಡಿದ್ರೆ," ಅಂದೆ, ಅಂದವನು ನಾನೇ,
"ಅಲ್ಲಿ ಬೆಳಕಿತ್ತು ಅಂದಂಗಾಗ್ತದೆ ಸರ್."
ಶಮೀಮ್ ಬೀ ಕೆಮ್ಮಿದರು, ಅಥವಾ ನಕ್ಕರು.

ನನಗೆ ನೋಟೀಸು ಬಂತು, ಮೂರು ದಿನದಲ್ಲಿ ಸಮಜಾಯಿಷಿ.
ಪುಟ ಹರಿಯಲು ಬರುವುದಿಲ್ಲ, ಅಂಕಿ ಒತ್ತಿದ ಪುಸ್ತಕ ಅದು.
ದೀಪದ ವಿಷಯ ಮುಂದಕ್ಕೆ ಹೋಯಿತು;
ಬಂದವೆಂದು ಒಬ್ಬರು, ಕಂಬ ಮಾತ್ರ ಬಂತೆಂದು ಒಬ್ಬರು.

ವನ್ನೂರಮ್ಮ ನಕಲು ಕೇಳಿ ಬಂದಳು. ಪುಟಕ್ಕೆ ಎರಡು ರೂಪಾಯಿ.
ಚಿಲ್ಲರೆ ಎಣಿಸಿಟ್ಟು ಹಾಳೆ ಬೆಳಕಿಗೆ ಹಿಡಿದಳು.
"ಇದ್ರಾಗ ನನ್ನ ಹೆಸರು ಎಲ್ಲೈತ್ರಿ?"
ಹುಡುಕಿದೆ. ನನಗೂ ಸಿಗಲಿಲ್ಲ.
ಅವಳೇ ನೀಲಿ ಉಗುರು ಇಟ್ಟಳು ಒಂದು ಕಡೆ,
ಪೆನ್ನು ಜಾರಿ ಅಂಚಿನವರೆಗೆ ಎಳೆದುಹೋದ ಗೀಟಿನ ಮೇಲೆ:
"ಹದಿಮೂರನೇ ಮೆಟ್ಲು," ಅಂದಳು,
"ಇದೊಂದು ಸರಿ ಬರ್ದೀರಿ."