ಐದನೇ ಕಾಲಂ

ಹಾಜರಿ ಪುಸ್ತಕದ ಐದನೇ ಕಾಲಂ: ವೃತ್ತಿ.
‘ಇಲ್ಲ’ ಅಂತ ಬರೆಯಹೋದೆ.
ಇಲ್ಲದ್ದಕ್ಕೇ ಅಲ್ಲವೆ ಇವರು ಸಾಲು ನಿಂತದ್ದು
ಬೆಳಗಿನ ಏಳಕ್ಕೆ, ಮುಚ್ಚಿದ ಮಿಲ್ಲಿನ ಹಿಂಗೋಡೆಗೆ,
ಮಹಾನಗರ ಪಾಲಿಕೆಯ ಹೊಸ ಗುದ್ದಲಿ ಹಿಡಿದು,
ಕಾವಿಗಿನ್ನೂ ಅಂಗಡಿಯ ಚೀಟಿ ಅಂಟಿಕೊಂಡಿರುವಾಗ.

ಮೈಲಾರಪ್ಪ ಬಗ್ಗಿ ನೋಡಿದ. ಬೆರಳಿಟ್ಟ.
‘ರಿಂಗ್ ಫ್ರೇಮು, ರಾತ್ರಿ ಪಾಳಿ. ಹಂಗೇ ಬರಿ.’
ಮಿಲ್ಲು ಮುಚ್ಚಿ ಇಪ್ಪತ್ತೇಳು ವರ್ಷವಾಯ್ತಲ್ಲ, ಅಂದೆ.
‘ಮಿಲ್ಲು ಮುಚ್ಚೇತಿ. ನಾನು ಮುಚ್ಚೀನೇನು?’

ಬರೆದೆ.
ಹಿಂದಿದ್ದವರಿಗೆ ಧೈರ್ಯ ಬಂತು.
ಖಲಂದರ್ ಸಾಬರು ಮಂಡಕ್ಕಿ ಹುರಿಯುವವರಾದರು,
ಭಟ್ಟಿಗೆ ಯಂತ್ರ ಬಂದು ಮೂರು ದೀಪಾವಳಿ ಕಳೆದಿದ್ದರೂ.
ತಸ್ಮಿಯಾ ಪೆನ್ನು ಇಸಕೊಂಡು ತಾನೇ ಬರೆದಳು, ಬಿ.ಕಾಂ.,
ನನ್ನ ಅಕ್ಷರಕ್ಕಿಂತ ದುಂಡಗೆ.
ಪರಸೋಜಿ ಫ್ಲೆಕ್ಸು ಬರುವ ಮುಂಚಿನ ಬೋರ್ಡು ಪೇಂಟರು,
ಅವನಿಗೇ ಕೊಟ್ಟೆವು ಕಾಮಗಾರಿಯ ಫಲಕ:
ನಗರ ಉದ್ಯೋಗ ಪರಿಹಾರ, ರಾಜಕಾಲುವೆ ಹೂಳೆತ್ತುವುದು,
ಅಂದಾಜು ಮೊತ್ತ, ಸರ್ಕಾರದ ಅನುದಾನ, ಎಲ್ಲ ಬಂತು.
‘ಮುಗಿಯುವ ದಿನಾಂಕ’ದ ಮುಂದೆ ಕುಂಚ ನಿಂತಿತು.
ಒಣಗಲಿ, ಆಮೇಲೆ ನೋಡಾಣ, ಅಂದ.

ಅಗೆದಷ್ಟೂ ಹತ್ತಿ.
ಮೂರಡಿ ಕೆಳಗೆ ಕರಿ ಕೆಸರಿನೊಳಗೆ ನೂಲಿನ ಸಿಕ್ಕು,
ಯಾರ ತಲೆಗೂದಲೋ ಎಂಬಂತೆ ಗುದ್ದಲಿಗೆ ಸುತ್ತುತ್ತಿತ್ತು.
ಒಂದು ಮರದ ಬಾಬಿನ್ ಸಿಕ್ಕಿತು. ಮೈಲಾರಪ್ಪ
ತೊಳೆದ, ಒರೆಸಿದ, ಹೆಬ್ಬೆರಳಲ್ಲಿ ತಿರುಗಿಸಿ ಕಿವಿಗೆ ಹಿಡಿದ.
ಏನು ಕೇಳಿತೋ. ಬುತ್ತಿಯ ಗಂಟಿನ ಪಕ್ಕ ಇಟ್ಟುಕೊಂಡ.

ದಂಡೆ ಮೇಲೆ ಗುತ್ತಿಗೆದಾರನ ಹಳದಿ ಜೆಸಿಬಿ
ಕೈ ಮಡಚಿ ಕೂತಿತ್ತು.
ಎರಡು ದಿನದ ಕೆಲಸ, ಸುಮ್ಮನೆ ಎಳೀತೀರಿ, ಅಂದ ಅದರ ಡ್ರೈವರು.
ಹಾಲಮ್ಮ ಬುಟ್ಟಿ ಇಳಿಸಲಿಲ್ಲ, ತಲೆಯ ಮೇಲಿಂದಲೇ ಅಂದಳು:
‘ಎರಡು ದಿನ ಅದು ಡೀಸೆಲ್ ಕುಡೀಲಿ.
ಮಿಕ್ಕ ದಿನ ನಮ್ಮ ಹುಡುಗ್ರು ಏನು ಕುಡೀಬೇಕಪ?’

ನಲವತ್ತೊಂದನೇ ದಿನ ಎರಡನೇ ಕಂತು ಬರಲಿಲ್ಲ.
ನಾಲ್ಕು ದಿನ ತಡೀರಿ, ಅಂದರು ಇಂಜಿನಿಯರ್ ಮೇಡಂ,
ಕಡತ ಬೆಂಗಳೂರು ಬಿಟ್ಟಿದೆಯಂತೆ.
ಬಿಟ್ಟು ಹದಿನೈದು ದಿನ. ಖಲಂದರ್ ಸಾಬರು ಲೆಕ್ಕ ಹಾಕಿದರು,
ಸೈಕಲ್ ತುಳಿದಿದ್ದರೂ ಇಷ್ಟೊತ್ತಿಗೆ ಹರಿಹರ ದಾಟಿರುತ್ತಿತ್ತು.
ಗುದ್ದಲಿಗಳನ್ನು ಎಣಿಸಿ ಶೆಡ್ಡಿಗೆ ಬೀಗ ಹಾಕಿದೆ.
ಒಂದೂ ಕಡಿಮೆ ಇರಲಿಲ್ಲ. ಅದೇ ನಾಚಿಕೆ.

ರೋಹಿಣಿ ಮಳೆ ರಾತ್ರಿ ಹೊಯ್ದಿತು.
ಅಗೆದ ಮುನ್ನೂರು ಮೀಟರಿನಲ್ಲಿ ನೀರು
ಸಾಲೆ ಬಿಟ್ಟ ಹುಡುಗರ ಹಾಗೆ ಓಡಿತು.
ಆಮೇಲೆ ಕೆಂಪು ಗೂಟ. ಹಣ ನಿಂತ ಜಾಗ.
ನೀರೂ ಅಲ್ಲೇ ನಿಂತಿತು, ಆದೇಶ ಓದಿಕೊಂಡ ಹಾಗೆ,
ಹಿಂದೆ ತಿರುಗಿ ಪರಸೋಜಿಯ ಓಣಿಗೆ ಹತ್ತಿತು.

ಎಲ್ಲರೂ ಬಂದಿದ್ದರು, ಯಾರು ಕರೆದರೋ.
ಮಗುವನ್ನು ಎತ್ತಿ ದಾಟಿಸಿದರು, ಅಕ್ಕಿ ಡಬ್ಬ, ಟಿವಿ,
ಮಂಡಿಯುದ್ದ ನೀರನ್ನು ಕೊಡದಲ್ಲಿ ಮೊಗೆದರು.
ಶೆಡ್ಡಿನ ಬೀಗದ ಕೈ ನನ್ನ ಜೇಬಿನಲ್ಲಿತ್ತು. ತೆಗೆದು ತೋರಿಸಿದೆ.
ಹಾಲಮ್ಮ ನನ್ನ ಕೈ ಮುಚ್ಚಿಸಿದಳು.
‘ಬಿಟ್ಟಿ ಅಗೆದ್ರೆ ನಾಳೆ ಬಿಟ್ಟಿನೇ ಮಂಜೂರಾಗ್ತತಿ.
ನೆರೆಮನೆಯವ್ರಾಗಿ ಬಂದೀವಿ. ಕೂಲಿಯವ್ರಾಗಿ ಅಲ್ಲ.’

ಸರಿಯೋ ತಪ್ಪೋ, ಇಡೀ ರಾತ್ರಿ ಯೋಚಿಸಿದೆ.
ಇನ್ನೂ ಗೊತ್ತಿಲ್ಲ.

ಬೆಳಿಗ್ಗೆ ಪರಸೋಜಿ ಒದ್ದೆ ಲುಂಗಿಯಲ್ಲೇ
ಬಿಳಿ ಬಣ್ಣದ ಡಬ್ಬಿ ಹಿಡಿದು ಫಲಕದ ಮುಂದೆ ನಿಂತಿದ್ದ.
ನೀರು ಏರಿದ್ದ ಎತ್ತರಕ್ಕೆ ಕಂಬದ ಮೇಲೆ ಒಂದು ಗೆರೆ,
ಕೈ ನಡುಗದೆ. ಪಕ್ಕದಲ್ಲಿ ತಾರೀಕು,
ಫಲಕದಲ್ಲಿ ಬರೆಯದೆ ಉಳಿಸಿದ್ದ ಅದೇ ಅಳತೆಯ ಅಂಕಿಗಳಲ್ಲಿ.

ಪುಸ್ತಕ ಬಿಚ್ಚಿದೆ. ನಲವತ್ತೆರಡನೇ ದಿನದ ಹಾಳೆ ಖಾಲಿ.
ವೃತ್ತಿ: ಬೋರ್ಡು ಬರೆಯುವುದು.
ಹಾಜರಿ: ಒಂದು.