ಅರವತ್ತಕ್ಕೆ ಲಗಾಮು

ಗ್ರಿಮ್ಸ್‌ಬಿಯ ಜನವರಿ. ಗೋಡೆಯ ಮೀಟರಿನಲ್ಲಿ
ಇನ್ನು ಮೂರು ಪೌಂಡು, ನಲವತ್ತು ಪೆನ್ಸು.
ಕೀರನ್ ಆಡುತ್ತಲೂ ಇಲ್ಲ,
ಮೆನು ತೆರೆದಿಟ್ಟು ಟೀ ಕಾಯಿಸಲು ಹೋಗಿದ್ದಾನೆ.
ಪರದೆಯ ಮೇಲೊಂದು ಕೋಟೆ, ಅಲುಗದ ಬಾವುಟ.

ಆ ಅಲುಗದ್ದನ್ನೇ ಸೆಕೆಂಡಿಗೆ
ಒಂಬೈನೂರು ಸಲ ಬರೆಯುತ್ತಿದೆ ಕಾರ್ಡು,
ಜೀರುಂಡೆಯ ಹಾಗೆ ಕಿರ್ರೆನ್ನುತ್ತ.
ಪರದೆ ತೋರಿಸುವುದು ಅರವತ್ತೇ.
ಉಳಿದದ್ದೆಲ್ಲ ಹೊಳೆಯಲ್ಲಿ ತೊಳೆದ ಹುಣಸೆಹಣ್ಣು.

ಮೀನಿನ ಕಾರ್ಖಾನೆಯಲ್ಲಿ ನಾನೂ ಹೀಗೇ ಇದ್ದೆ ಮೊದಮೊದಲು.
ಎಷ್ಟು ಬೇಗ ಸೀಳಿದರೂ
ಲಾರಿ ಹೊರಡುವುದು ಆರಕ್ಕೇ.

ಮೌಸು ಹಿಡಿದೆ. ಮಿತಿ: ಅರವತ್ತು.
ಫ್ಯಾನು ಒಮ್ಮೆ ನಿಟ್ಟುಸಿರಿಟ್ಟು ಸುಮ್ಮನಾಯಿತು.
ಎಪ್ಪತ್ತೊಂಬತ್ತು ಡಿಗ್ರಿ ಮೆಲ್ಲಗೆ ಐವತ್ತಾರಕ್ಕೆ.

ಅವನು ಬಂದ, ಕೂತ, ಕೋಟೆಗೆ ಬೆಂಕಿಯಿಟ್ಟ.
ಎಲ್ಲ ಒಟ್ಟಿಗೆ ಸಿಡಿಯುವ ಹೊತ್ತಿಗೆ
ದಿನಾ ಮುಗ್ಗರಿಸುತ್ತಿದ್ದ ಚಿತ್ರ ಮುಗ್ಗರಿಸಲಿಲ್ಲ;
ಕಾರ್ಡಿನ ತೋಳಲ್ಲಿ ಇನ್ನೂ ಕಸುವು ಮಿಕ್ಕಿತ್ತು.
"ಇವತ್ತು ಯಾಕೋ ನುಣ್ಣಗೆ ಹೋಗ್ತಿದೆ" ಅಂದ.
ನಾನು ಕಾಲುಚೀಲ ಮಡಚುತ್ತಿದ್ದೆ.

ಹನ್ನೊಂದರ ಸುಮಾರಿಗೆ ಬೆಕ್ಕು
ಕಂಪ್ಯೂಟರಿನ ಪೆಟ್ಟಿಗೆಯ ಮೇಲಿಂದ ಎದ್ದಿತು,
ತಣ್ಣಗಾದ ತಗಡನ್ನು ಮೂಸಿತು,
ನನ್ನ ಕಡೆ ತಿರುಗಿತು. ಕದ್ದವರು ಯಾರೆಂದು
ಅದಕ್ಕೆ ಗೊತ್ತು. ಬಂದು ಕಂಬಳಿಯೊಳಗೆ ನುಗ್ಗಿ
ಮೀನು ನಾರುವ ನನ್ನ ಅಂಗೈಗೆ
ಮೂಗು ಒತ್ತಿ ಮಲಗಿತು.

ಈ ಚಳಿಗಾಲವೆಲ್ಲ
ಈ ಕೋಣೆಯನ್ನು ಕಾಯಿಸಿದ್ದು ಅದೇ ಕಾರ್ಡು
ಅನ್ನುವುದು ಈಗ ಹೊಳೆಯುತ್ತಿದೆ.
ಎರಡು ಪೌಂಡು ತೊಂಬತ್ತು.
ಹೀಟರು ಹಾಕಲೋ, ಬೇಡವೋ.