ಕಳ್ಳಬಾಗಿಲು

ಮೂರು ಮೈಕ್ರಾನಿನದು ತಂದವಳು ನಾನೇ.
ಹಳೆಯದು ಹತ್ತು. ಮೂರು ಅಂದರೆ ಇನ್ನೂ ಸಣ್ಣ, ಇನ್ನೂ ಒಳ್ಳೆಯದು.
ಎಸ್.ಪಿ. ರೋಡಿನ ಅಂಗಡಿಯವನೂ ಹಾಗೇ ಅಂದ,
ಬಿಲ್ಲಿಗೆ ಎಂಟುನೂರು ಜಾಸ್ತಿ ಸೇರಿಸುತ್ತ.
ಡಬ್ಬಿ ಅದೇ, ಥ್ರೆಡ್ಡು ಅದೇ, ತಿರುಗಿಸಿದರೆ ಕೂತಿತು.
ಕೂತದ್ದೆಲ್ಲ ಸರಿ ಎಂದುಕೊಂಡೆ.

ಡಿಸೆಂಬರಿನ ಪೀಣ್ಯ, ಆರೂವರೆಯ ಪಾಳಿ.
ಟ್ಯಾಂಕಿನಲ್ಲಿ ಎಣ್ಣೆ ಕಾಕಂಬಿಯಂತೆ ಮೈಮುರಿಯುತ್ತಿತ್ತು.
ಗೇಜಿನ ಮುಳ್ಳು ಕೆಂಪಿಗೆ ಹೋಗಿ ನಿಂತಿತು,
ಹತ್ತು ಗಂಟೆಗೆ ತಾನಾಗಿ ಹಸಿರಿಗೆ ಬಂತು.
ಚಳಿಗೆ ನಮಗೂ ಹಾಗೇ ಅಲ್ಲವೆ, ಅಂತ ಬಿಟ್ಟೆ.

ನಲವತ್ತನೇ ದಿನ ಪ್ರೆಸ್ಸು
ಇಳಿಯುತ್ತ ಇಳಿಯುತ್ತ ತಡೆದು, ನಡುಗಿ, ಆಮೇಲೆ ಇಳಿಯಿತು.
ಕೆಂಚಮಾರಯ್ಯ ವಾಲ್ವು ಬಿಚ್ಚಿ
ಸ್ಪೂಲನ್ನು ಕಿಟಕಿಯ ಬೆಳಕಿಗೆ ಹಿಡಿದರು:
ಉದ್ದಕ್ಕೂ ಒಂದು ಗೀರು,
ಉಗುರು ಎಳೆದರೆ ಮಾತ್ರ ತಿಳಿಯುವಂಥದು.
ಬೈಯಲಿಲ್ಲ. ಫಿಲ್ಟರಿನ ತಲೆಯೊಳಗೆ
ಸ್ಪ್ರಿಂಗಿಗೆ ಆತುಕೊಂಡ ಪುಟ್ಟ ಮುಚ್ಚಳ ತೋರಿಸಿದರು.

'ನೋಡವ್ವ, ಇದು ಕಳ್ಳಬಾಗಿಲು.
ಒಂದರಿ ತೀರಾ ಸಣ್ಣ ಆದ್ರೆ ಹಿಟ್ಟು ಇಳಿಯಲ್ಲ,
ಮನೇಲಾದ್ರೆ ನಿಮ್ಮಮ್ಮ ಬದಿಗೆ ತಟ್ತಾರೆ, ಕಾಯ್ತಾರೆ.
ಪಂಪಿಗೆ ಕಾಯಾಕೆ ಬರಲ್ಲ. ತಳ್ತದೆ.
ಬಾಗಿಲು ತೆರೀತದೆ. ಆಮೇಲೆ
ಮೂರೂ ಇಲ್ಲ, ಹತ್ತೂ ಇಲ್ಲ,
ಬಂದದ್ದೆಲ್ಲ ಒಳಕ್ಕೆ.'

ಅಂದರೆ ಅಷ್ಟೂ ಬೆಳಗು
ನಾನು ಜಾಸ್ತಿ ಕೊಟ್ಟು ತಂದ ಶುದ್ಧಿಯ ತಲೆಯ ಮೇಲಿಂದ
ಎಣ್ಣೆ ದಾಟಿಕೊಂಡು ಹೋಗುತ್ತಿತ್ತು.

ಊಟದ ಹೊತ್ತು ನೆಲದ ಮೇಲೆ ಸೀಮೆಸುಣ್ಣದ ಲೆಕ್ಕ.
ಪಂಪು ಅರವತ್ತು ಲೀಟರು, ಎಂದೆ.
'ಪಿಸ್ಟನ್ನು ಮೇಲೇಳುವಾಗ?'
ಆಗ ಮೇಲಿನ ಎಣ್ಣೆಯೆಲ್ಲ ಒಟ್ಟಿಗೇ ಹೊರಡುತ್ತದೆ,
ಸೆಕೆಂಡ್ ಶೋ ಬಿಟ್ಟ ಹಾಗೆ:
ಅರವತ್ತಲ್ಲ, ನೂರಿಪ್ಪತ್ತು.
ಅದರ ಮೇಲೆ ಡಿಸೆಂಬರು.
ಕಣ್ಣು ಹತ್ತೇ ಇರಲಿ, ಹೊಟ್ಟೆ ದೊಡ್ಡದು ಬೇಕು
ಎಂದು ಬರೆದು, ಅಡಿಗೆರೆ ಎಳೆದು, ಕಾಲಲ್ಲಿ ಒರೆಸಿದರು.

ಹಳೆಯದನ್ನು ಗರಗಸದಲ್ಲಿ ಕೊಯ್ದು ಬಿಡಿಸಿದೆವು.
ಮಡಿಕೆ ಮಡಿಕೆಯಲ್ಲೂ ಬೆಳ್ಳಿಯಂಥ ಪುಡಿ.
ಪಾಪ, ಮಧ್ಯಾಹ್ನಗಳಲ್ಲಿ
ಕೈಲಾದಷ್ಟು ಹಿಡಿದೇ ಇತ್ತು.

ಈಗ ಆರೂವರೆಗೆ ಮುಳ್ಳು ಏಳುತ್ತದೆ,
ಹಳದಿಯ ಅಂಚು ಮುಟ್ಟುತ್ತದೆ, ಯೋಚಿಸುತ್ತದೆ,
ಹಿಂದೆ ಬರುತ್ತದೆ.
ಅಲ್ಲಿಯವರೆಗೆ ನಾನು ಟೀ ಮುಟ್ಟುವುದಿಲ್ಲ.